ಶಾಲೆ ಬಿಟ್ಟ ಹುಡುಗಿಯನ್ನು ಮುಕ್ತ ಶಾಲೆಗೆ ಸೇರಿಸಿದರೆ ಮದುವೆ ನಿಲ್ಲುತ್ತಾ?

ಭೀಮಾತೀರ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ಕೆಲಸ ಮಾಡುತ್ತೇನೆ. ಶಾಲೆ ಬಿಟ್ಟು ಮನೆಯಲ್ಲಿರುವ 14ರಿಂದ 18 ವರ್ಷದ ಹುಡುಗಿಯರಿಗೆ ಒಂದು ಓದಿನ ಕೇಂದ್ರ ಶುರು ಮಾಡಬೇಕು ಅಂತ ನಮ್ಮ ಒಕ್ಕೂಟದಲ್ಲಿ ಮಾತಾಗಿದೆ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ, ದಿನಾ ತರಗತಿಗೆ ಹೋಗದೆ ಓದಿ ಪರೀಕ್ಷೆ ಕಟ್ಟೋದು) ಮೂಲಕ ಹತ್ತನೇ ತರಗತಿ ಮಾಡಿಸೋದಾ, ಇಲ್ಲಾ ನಮ್ಮ ರಾಜ್ಯದ ಬೋರ್ಡಿನಲ್ಲೇ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಕಟ್ಟಿಸೋದಾ ಅನ್ನೋದು ಒಂದು ಪ್ರಶ್ನೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಇದರಿಂದ ನಿಜಕ್ಕೂ ಬಾಲ್ಯವಿವಾಹ ತಪ್ಪುತ್ತಾ?

ನನಗೆ ಅನ್ನಿಸಿದ್ದು ಹೇಳುತ್ತೇನೆ. ನಮ್ಮ ಕಡೆ ಗಂಡು ನೋಡಲು ಶುರು ಮಾಡುವಾಗ ಹುಡುಗಿಯ ವಯಸ್ಸು ಲೆಕ್ಕಕ್ಕೇ ಬರೋದಿಲ್ಲ. ಜಾತ್ರೆಯಲ್ಲೋ ನೆಂಟರ ಮನೆಯಲ್ಲೋ ಯಾರಾದರೂ 'ಮಗಳು ಏನ್ ಮಾಡಾಕತ್ತಾಳ?' ಅಂತ ಕೇಳುತ್ತಾರೆ. 'ಒಂಬತ್ತನೇ ಕ್ಲಾಸ್ ಓದಾಕತ್ತಾಳ್ರಿ' ಅಂತ ತಾಯಿ ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತೆ. 'ಮನ್ಯಾಗ ಅದಾಳ್ರಿ' ಅಂದರೆ ಮುಗೀತು, 'ನಮ್ಮ ಕಡೆ ಒಬ್ಬ ಹುಡುಗ ಅದಾನ' ಅಂತ ಅಲ್ಲೇ ಶುರು. ಆ ತಾಯಿಗೆ ಹೇಳಿಕೊಳ್ಳಲು ಒಂದು ಉತ್ತರ ಕೊಡಬೇಕು. ಮುಕ್ತ ಶಾಲೆ ಆ ಉತ್ತರ ಕೊಡಬಲ್ಲದು ಅಂತ ನನ್ನ ನಂಬಿಕೆ.

ಕಾನೂನಿನಲ್ಲೂ ಇಲ್ಲೊಂದು ಖಾಲಿ ಜಾಗ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಮಾತ್ರ. ಮದುವೆಗೆ 18 ತುಂಬಬೇಕು. ನಡುವಿನ ನಾಲ್ಕು ವರ್ಷ ಹುಡುಗಿ ಓದುತ್ತಿದ್ದಾಳಾ ಇಲ್ಲವಾ ಅಂತ ಯಾರೂ ಬಂದು ಕೇಳೋದಿಲ್ಲ. ಏಳನೆಯದೋ ಎಂಟನೆಯದೋ ಊರಲ್ಲೇ ಮುಗಿಯುತ್ತೆ. ಹೈಸ್ಕೂಲಿಗೆ ಪಕ್ಕದ ಊರಿಗೆ ಹೋಗಬೇಕು ಅಂದಾಗ ಒಂದಿಷ್ಟು ಜನ ಬಿಡುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತವೋ ಇಂಗ್ಲಿಷೋ ಹೋದರೆ ಇನ್ನೊಂದಿಷ್ಟು ಜನ. ಹುಡುಗ ಫೇಲಾದರೆ ಮತ್ತೆ ಕಟ್ಟು ಅಂತಾರೆ. ಹುಡುಗಿ ಫೇಲಾದರೆ 'ಸಾಕು ಬಿಡು' ಅಂತಾರೆ.

ಅನುಭವ ಇದ್ದವರು ದಯವಿಟ್ಟು ಬರೆಯಿರಿ. ಬೇಡ ಅನ್ನೋರೂ ಬರೆಯಿರಿ.

ಹಳೇಮೇಷ್ಟ್ರು

ತಂಗಿ, ಒಳ್ಳೆ ಕೆಲಸಕ್ಕೆ ಕೈ ಹಾಕಿದ್ದೀರಿ. ನಾನು ರಾಯಚೂರು ಜಿಲ್ಲೆಯಲ್ಲಿ ಹೈಸ್ಕೂಲ್ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಮುಕ್ತ ಶಾಲೆ ಈಗಾಗಲೇ ಶಾಲೆ ಬಿಟ್ಟವರಿಗೆ. ಇನ್ನೂ ಶಾಲೆಯಲ್ಲಿರುವ ಹುಡುಗಿಯ ಕಿವಿಗೆ, ಅದಕ್ಕಿಂತ ಹೆಚ್ಚಾಗಿ ಅವಳ ಅಪ್ಪನ ಕಿವಿಗೆ, ಇದು ಬೀಳಬಾರದು.

ಯಾಕೆ ಅಂದರೆ, 'ಹೆಂಗೂ ಮನೆಯಿಂದಲೇ ಪರೀಕ್ಷೆ ಕಟ್ಟಬಹುದಂತಲ್ಲ ಸರ್' ಅಂತ ಹೇಳಿ ಒಂಬತ್ತನೇ ತರಗತಿಯ ಮಗಳ ಟಿಸಿ ಕೇಳಿದ ತಂದೆಯರನ್ನು ನಾನು ನೋಡಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಕಟ್ಟಿಸಬೇಕು ಅಂತಲೇ ಇರುತ್ತಿತ್ತು. ಆಮೇಲೆ ಹತ್ತಿ ಬಿಡಿಸೋ ಕಾಲ ಬರುತ್ತೆ, ಮೆಣಸಿನಕಾಯಿ ಬಿಡಿಸೋ ಕಾಲ ಬರುತ್ತೆ, ಮನೆಯಲ್ಲಿ ಬಾಣಂತನ ಬರುತ್ತೆ. ಪುಸ್ತಕ ಅಟ್ಟ ಸೇರುತ್ತೆ.

ಶಾಲೆ ಅಂದರೆ ಬರೀ ಪಾಠ ಅಲ್ಲ. ಹಾಜರಿ ಪುಸ್ತಕ ಇದೆಯಲ್ಲ, ಅದು ದೊಡ್ಡ ಕಾವಲು. ಎರಡು ದಿನ ಹುಡುಗಿ ಬರದಿದ್ದರೆ ಗೆಳತಿಯರನ್ನು ಕೇಳುತ್ತೇವೆ. 'ಸರ್, ಅವಳಿಗೆ ನಿಶ್ಚಯ ಅಂತೆ' ಅಂತ ಗೆಳತಿಯರ ಬಾಯಿಂದಲೇ ಹೊರಗೆ ಬರುತ್ತೆ. ಎಷ್ಟೋ ಮದುವೆಗಳ ಸುದ್ದಿ ನಮಗೆ ಸಿಕ್ಕಿದ್ದು ಹೀಗೆ. ಮುಕ್ತ ಶಾಲೆಯಲ್ಲಿ ಹುಡುಗಿ ಮೂರು ತಿಂಗಳು ಕಾಣದಿದ್ದರೂ ಯಾರಿಗೂ ಗೊತ್ತಾಗೋದಿಲ್ಲ. ಪರೀಕ್ಷೆ ದಿನ ಹಾಲ್ ಟಿಕೆಟ್ ಯಾರೂ ತಗೊಳ್ಳದೆ ಉಳಿದಾಗ ಗೊತ್ತಾಗುತ್ತೆ. ಅಷ್ಟರಲ್ಲಿ ಅವಳು ಗಂಡನ ಮನೆಯಲ್ಲಿರುತ್ತಾಳೆ.

ಎಸ್‌ಎಸ್‌ಎಲ್‌ಸಿ ಫೇಲಾದವರ ವಿಷಯ ಬೇರೆ. 2023-24ರಿಂದ ನಮ್ಮ ಬೋರ್ಡು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡುತ್ತಿದೆ. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನು ಪರೀಕ್ಷೆ-2ರಲ್ಲಿ ಅದೇ ವರ್ಷ ಕಟ್ಟಬಹುದು. ಫಲಿತಾಂಶ ಬಂದ ವಾರದಲ್ಲೇ ಅವಳ ಮನೆಗೆ ಹೋಗಿ. ಆ ವಾರ ಬಹಳ ಮುಖ್ಯ.

ಭೀಮಾತೀರ

ಸರ್, ಹಾಜರಿ ಪುಸ್ತಕದ ಮಾತು ನೂರಕ್ಕೆ ನೂರು ಸರಿ. ಅದನ್ನೇ ನಾನು ಯೋಚಿಸುತ್ತಿರೋದು. ಕೇಂದ್ರ ಅಂದರೆ ಅರ್ಜಿ ತುಂಬಿಸಿ ಪುಸ್ತಕ ಕೊಟ್ಟು ಕಳಿಸೋದಲ್ಲ. ವಾರಕ್ಕೆ ಮೂರು ದಿನವಾದರೂ ಹುಡುಗಿಯರು ಮನೆಯಿಂದ ಹೊರಗೆ ಬಂದು ಒಂದು ಕಡೆ ಕೂರಬೇಕು. ದೂರಶಿಕ್ಷಣದ ಸರ್ಟಿಫಿಕೇಟು, ಆದರೆ ಶಾಲೆಯಂಥದೇ ಒಂದು ಜಾಗ. ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರ, ಅಂದರೆ ಊರ ಗ್ರಂಥಾಲಯ, ಕೇಳಿದ್ದೇವೆ. ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಆ ಹೊತ್ತಿಗೆ ಮನೆಗೆಲಸ ಒಂದು ಹಂತಕ್ಕೆ ಬಂದಿರುತ್ತೆ, ದನ ಹೊಡೆದುಕೊಂಡು ಬರೋ ಹೊತ್ತಿನ ಒಳಗೆ ಮನೆ ಸೇರಬಹುದು.

2020ರಲ್ಲಿ ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಅಂತ ಮೇಷ್ಟ್ರುಗಳೇ ಓಣಿಗೆ ಬಂದು ಗುಡಿ ಕಟ್ಟೆ ಮೇಲೆ, ಮರದ ಕೆಳಗೆ ಪಾಠ ಮಾಡಿದರಲ್ಲ, ಅದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಫೋನಿನಲ್ಲಿ ಪಾಠ ಅಂದಾಗ ಮನೆಯ ಒಂದೇ ಫೋನು ಅಣ್ಣನ ಜೇಬಿನಲ್ಲಿತ್ತು. ಗುಡಿ ಕಟ್ಟೆಗೆ ಮಾತ್ರ ಹುಡುಗಿಯರು ಬಂದರು.

ತುಂಗಭದ್ರೆ

ನಾನು ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ, ಆಮೇಲೆ ಪಿಯುಸಿ ಕಟ್ಟಿ, ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಮಾಡಿದವಳು. ಹೊಸಪೇಟೆ ಹತ್ತಿರದ ಹಳ್ಳಿ ನಮ್ಮದು. ಒಂಬತ್ತನೇ ತರಗತಿಯಲ್ಲಿ ದೊಡ್ಡೋಳಾದೆ, ಶಾಲೆ ಬಿಡಿಸಿದರು. ಸೋದರಮಾವನಿಗೇ ಕೊಡೋದು ಅಂತ ನಾನು ಹುಟ್ಟಿದಾಗಲೇ ಮಾತಾಗಿತ್ತಂತೆ.

ಮದುವೆ ತಪ್ಪಿದ್ದು ಹೇಗೆ ಅಂದರೆ ಒಂದೇ ಕಾರಣ ಹೇಳೋಕಾಗಲ್ಲ. ನಮ್ಮೂರ ಅಂಗನವಾಡಿ ಟೀಚರು ಬಂದು ಪರೀಕ್ಷೆ ಫೀಸು ಕಟ್ಟಿಸಿದರು. ಆ ರಸೀದಿಯನ್ನು ಅಮ್ಮ ದೇವರ ಫೋಟೋ ಹಿಂದೆ ಇಟ್ಟಿದ್ದಳು. ಮಾವನ ಮನೆಯವರು ದಿನ ಗೊತ್ತು ಮಾಡಲು ಬಂದಾಗ ಅದನ್ನು ತೆಗೆದು ತೋರಿಸಿದಳು. 'ದುಡ್ಡು ಕಟ್ಟೀವಿ, ಪರೀಕ್ಷೆ ಆಗಲಿ' ಅಂದಳು. ನನ್ನಮ್ಮನಿಗೆ ಅದಕ್ಕಿಂತ ಮುಂಚೆ ಗಂಡಸರ ಎದುರು ಬೇಡ ಅಂತ ಹೇಳಲು ಏನೂ ಆಧಾರ ಇರಲಿಲ್ಲ. 'ಬೇಡ' ಅಂದರೆ ಜಗಳ. 'ಪರೀಕ್ಷೆ ಆಗಲಿ' ಅಂದರೆ ಜಗಳ ಆಗಲ್ಲ. ಆ ಪರೀಕ್ಷೆ ಆದ ಮೇಲೆ ಫಲಿತಾಂಶ ಬರಲಿ ಅಂದರು. ಫಲಿತಾಂಶದಲ್ಲಿ ಗಣಿತ ಹೋಗಿತ್ತು. ಮತ್ತೆ ಕಟ್ಟಿದೆ. ಹೀಗೇ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಮಾವ ಬೇರೆ ಕಡೆ ಮದುವೆಯಾದ.

ಭೀಮಾತೀರ ಅಕ್ಕ ಹೇಳಿದ ಹಾಗೆ ಇದು ತಾಯಿಯ ಕೈಗೆ ಒಂದು ಉತ್ತರ ಕೊಡುತ್ತೆ. ಆದರೆ ಮೇಷ್ಟ್ರ ಮಾತೂ ನಿಜ. ನಾನು ಒಬ್ಬಳೇ ಕೂತು ಓದಿದ್ದು. ತುಂಬಾ ಕಷ್ಟ. ಅಡುಗೆಮನೆಯಲ್ಲಿ ಪುಸ್ತಕ ತೆರೆದರೆ ಯಾರಾದರೂ ಒಂದು ಕೆಲಸ ಹೇಳೋರು. ಓದುತ್ತಾ ಕೂತವಳು ಸುಮ್ನೆ ಕೂತವಳ ಹಾಗೇ ಎಲ್ಲರ ಕಣ್ಣಿಗೂ ಕಾಣೋದು. ನನ್ನ ಜೊತೆ ಫೀಸು ಕಟ್ಟಿದ್ದ ಇನ್ನಿಬ್ಬರು ಪರೀಕ್ಷೆಗೆ ಬರಲೇ ಇಲ್ಲ. ಒಟ್ಟಿಗೆ ಕೂತು ಓದಲು ಜಾಗ ಇದ್ದಿದ್ದರೆ ಅವರೂ ಬರುತ್ತಿದ್ದರು ಅಂತ ಈಗಲೂ ಅನ್ನಿಸುತ್ತೆ.

ಗದ್ದೆಮನೆ

ಎಲ್ಲರೂ ಅಪ್ಪಂದಿರನ್ನು ದೂರುತ್ತಿದ್ದೀರಿ. ನಾನು ಇಬ್ಬರು ಹೆಣ್ಣುಮಕ್ಕಳ ಅಪ್ಪ. ನನ್ನ ಕಡೆಯಿಂದಲೂ ಸ್ವಲ್ಪ ಕೇಳಿ.

ಮಗಳು ಓದಬಾರದು ಅಂತ ಯಾವ ಅಪ್ಪನಿಗೂ ಇಲ್ಲ. ಭಯ ಇದೆ. ಹೈಸ್ಕೂಲಿನ ದಾರಿಯಲ್ಲಿ ಹುಡುಗರು ಬೈಕಿನಲ್ಲಿ ಹಿಂದೆ ಬರುತ್ತಾರೆ. ಏನಾದರೂ ಆದರೆ ಊರು ಹುಡುಗನನ್ನು ಬಿಟ್ಟು ಹುಡುಗಿಯ ಮನೆ ಬಾಗಿಲಿಗೇ ಬರುತ್ತೆ. ಎರಡನೇದು ಖರ್ಚು. ದೊಡ್ಡವಳ ಮದುವೆಗೆ ಹೇಗೂ ಚಪ್ಪರ ಹಾಕಿದ್ದೀವಿ, ಚಿಕ್ಕವಳದೂ ಅದರಲ್ಲೇ ಮುಗಿಸಿದರೆ ಒಂದು ಸಾಲ ಉಳಿಯುತ್ತೆ ಅಂತ ಮನೆಯ ಹಿರಿಯರು ಹೇಳುತ್ತಾರೆ. ಎಷ್ಟೋ 15-16ರ ಹುಡುಗಿಯರ ಮದುವೆ ಆಗೋದು ಹೀಗೆ, ಅಕ್ಕನ ಚಪ್ಪರದಲ್ಲಿ. ಮೂರನೇದು ಯಾರೂ ಬಾಯಿ ಬಿಟ್ಟು ಹೇಳಲ್ಲ. ಹುಡುಗಿ ಜಾಸ್ತಿ ಓದಿದರೆ ಇನ್ನೂ ಜಾಸ್ತಿ ಓದಿದ ಗಂಡು ಹುಡುಕಬೇಕು. ಅವನ ಕಡೆಯವರು ಕೇಳೋದೂ ಜಾಸ್ತಿ.

ಈಗ ಹೇಳಿ. ನಿಮ್ಮ ಮುಕ್ತ ಶಾಲೆ ಹತ್ತನೇ ತರಗತಿ ಪಾಸು ಮಾಡಿಸುತ್ತೆ. ಅವಳಿಗೆ ಆಗ ಹದಿನಾರು. ಮುಂದೆ? ಪಿಯು ಕಾಲೇಜು ತಾಲ್ಲೂಕಿನಲ್ಲಿದೆ. ಮತ್ತೆ ಅದೇ ದಾರಿ, ಅದೇ ಭಯ.

ಕಾನೂನುಓದು

ಗದ್ದೆಮನೆ ಅವರ ಪ್ರಶ್ನೆಗೆ ಉಳಿದವರು ಉತ್ತರಿಸಲಿ. ನಾನು ಕಾಯ್ದೆಯ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ದೇಶದ ಉಳಿದ ಕಡೆ ಬಾಲ್ಯವಿವಾಹವನ್ನು ಆ ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಕರ್ನಾಟಕದಲ್ಲಿ ಹಾಗಿಲ್ಲ. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಆಮೇಲೆ 2016ರ ತಿದ್ದುಪಡಿ ಬಂತು. ಅದರ ಪ್ರಕಾರ ಇಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿಗೆ ಆ ಮದುವೆ ಆಗಿಯೇ ಇಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ಈ ಹೆಜ್ಜೆಯನ್ನು ಮೆಚ್ಚಿ, ಬೇರೆ ರಾಜ್ಯಗಳೂ ಹೀಗೆ ಮಾಡಲಿ ಅಂತ ಹೇಳಿತು. ಮದುವೆಗೆ ಮುಂಚೆಯೇ ಗೊತ್ತಾದರೆ ಮ್ಯಾಜಿಸ್ಟ್ರೇಟರಿಂದ ತಡೆ ಆದೇಶ ತರಬಹುದು. ಆ ಕ್ಷಣಕ್ಕೆ ಕರೆ ಮಾಡಬೇಕಾದ್ದು 1098.

ಈಗ ಮೇಷ್ಟ್ರ ಮಾತಿಗೆ ಬರುತ್ತೇನೆ. ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ನಿಷೇಧ ಅಧಿಕಾರಿ ಅಂದರೆ ಜಿಲ್ಲೆಗೊಬ್ಬರು ಅಲ್ಲ. ತಹಶೀಲ್ದಾರರು, ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾ ಅಧಿಕಾರಿ), ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ), ಶಾಲೆಯ ಮುಖ್ಯ ಶಿಕ್ಷಕರು, ಹೀಗೆ ಬಹಳ ಜನರಿಗೆ ಆ ಹೊಣೆ ಇದೆ. ಶಾಲೆಗೆ ಹೋಗುವ ಹುಡುಗಿಗೆ ಅವಳ ಮುಖ್ಯ ಶಿಕ್ಷಕರೇ ಕಾವಲು. ಶಾಲೆ ಬಿಟ್ಟ ದಿನ ಆ ಕಾವಲು ಹೋಗುತ್ತೆ. ಮುಕ್ತ ಶಾಲೆಗೆ ಸೇರಿಸಿದ ಮಾತ್ರಕ್ಕೆ ಅದು ವಾಪಸ್ ಬರೋದಿಲ್ಲ. ಹಾಗಾಗಿ ನಿಮ್ಮ ಕೇಂದ್ರದ ಹುಡುಗಿಯರ ಪಟ್ಟಿಯನ್ನು, ಹುಟ್ಟಿದ ದಿನಾಂಕದ ಸಮೇತ, ಪಿಡಿಒಗೆ ಮತ್ತು ಅಂಗನವಾಡಿ ಮೇಲ್ವಿಚಾರಕಿಗೆ ಕೊಡಿ. ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಈ ಕಾಗದ ಮುಂದೆ ಬಹಳ ಕೆಲಸಕ್ಕೆ ಬರುತ್ತೆ. ಆಧಾರ್‌ನಲ್ಲಿ ವಯಸ್ಸು ಹೆಚ್ಚು ಮಾಡಿಸಿಕೊಂಡು ಬಂದರೂ ಶಾಲೆಯ ದಾಖಲೆಯ ಪ್ರತಿ ನಿಮ್ಮ ಹತ್ತಿರ ಇರುತ್ತೆ.

ಧಾರವಾಡದಿಂದ

ಅಂಕಿಅಂಶ ನೋಡುವುದು ನನ್ನ ಕೆಲಸ. ಸ್ವಲ್ಪ ಬೇಸರದ ಸಂಗತಿಯಿಂದಲೇ ಶುರು ಮಾಡುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಹೆಂಗಸರನ್ನು ನಿಮ್ಮ ಮದುವೆ 18ಕ್ಕಿಂತ ಮುಂಚೆ ಆಯಿತಾ ಅಂತ ಕೇಳುತ್ತಾರೆ. 2015-16ರಲ್ಲಿ ದೇಶದಲ್ಲಿ ಹೌದು ಅಂದವರು ಶೇ 26.8. 2019-21ರಲ್ಲಿ ಶೇ 23.3. ಕರ್ನಾಟಕದಲ್ಲಿ 21.4 ಇದ್ದದ್ದು 21.3 ಆಯಿತು. ಅಂದರೆ ನಾವು ಇದ್ದಲ್ಲೇ ಇದ್ದೇವೆ. ಐವರಲ್ಲಿ ಒಬ್ಬಳು.

ಬರೀ ದುಡ್ಡು ಕೊಟ್ಟರೆ ನಿಲ್ಲುತ್ತಾ? ಪಶ್ಚಿಮ ಬಂಗಾಳ 2013ರಲ್ಲಿ ಕನ್ಯಾಶ್ರೀ ಅಂತ ಯೋಜನೆ ತಂದಿತು. 18 ತುಂಬುವವರೆಗೆ ಮದುವೆಯಾಗದೆ ಓದುತ್ತಿದ್ದರೆ 25,000 ರೂಪಾಯಿ. ಲಕ್ಷಾಂತರ ಹುಡುಗಿಯರು ಇದರಿಂದ ಓದು ಮುಂದುವರಿಸಿದರು, ಅದರಲ್ಲಿ ಅನುಮಾನವಿಲ್ಲ. ಆದರೂ ಅದೇ ಸಮೀಕ್ಷೆಯಲ್ಲಿ ಆ ರಾಜ್ಯದ ಅಂಕಿ ಎರಡೂ ಸಲ ಶೇ 41.6.

ಭೀಮಾತೀರ ಅವರು ವಿಜಯಪುರದವರು ಅಂದದ್ದಕ್ಕೆ ಇದನ್ನು ಹೇಳಲೇಬೇಕು. 2014ರಿಂದ 2017ರವರೆಗೆ ನಿಮ್ಮ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲೇ 'ಸಮತಾ' ಅಂತ ಒಂದು ದೊಡ್ಡ ಪ್ರಯೋಗ ನಡೆಯಿತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲು ಮುಗಿಸಬೇಕು, ಮದುವೆ ಮುಂದೆ ಹೋಗಬೇಕು ಅನ್ನೋದು ಉದ್ದೇಶ. ಹುಡುಗಿಯರ ಗುಂಪು, ಪೋಷಕರ ಜೊತೆ ಮಾತು, ಶಾಲೆಗಳ ಜೊತೆ ಕೆಲಸ, ಎಲ್ಲ ಮಾಡಿದರು. ಕೊನೆಗೆ ಲೆಕ್ಕ ಹಾಕಿದಾಗ ಕಾರ್ಯಕ್ರಮ ನಡೆದ ಹಳ್ಳಿಗಳಿಗೂ ನಡೆಯದ ಹಳ್ಳಿಗಳಿಗೂ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎರಡೂ ಕಡೆ ಪರಿಸ್ಥಿತಿ ಮೊದಲಿಗಿಂತ ಸುಧಾರಿಸಿತ್ತು. ಇದನ್ನು ಸೋಲು ಅಂತ ಓದಬೇಡಿ. ಕಾಲ ತಾನಾಗಿಯೇ ಬದಲಾಗುತ್ತಿರುವಾಗ, ನಮ್ಮಿಂದಲೇ ಆಯಿತು ಅಂತ ತೋರಿಸೋದು ಸುಲಭವಲ್ಲ ಅನ್ನೋದು ಇದರಿಂದ ಗೊತ್ತಾಗುತ್ತೆ.

ಇನ್ನೊಂದು ಕಡೆ, ಬಾಂಗ್ಲಾದೇಶದ 'ಬಾಲಿಕಾ' ಪ್ರಯೋಗ ನೋಡಿ. ಕೆಲವು ಹಳ್ಳಿಗಳಲ್ಲಿ ಗಣಿತ, ಇಂಗ್ಲಿಷ್ ಪಾಠ. ಕೆಲವು ಕಡೆ ಹಕ್ಕುಗಳ ಬಗ್ಗೆ ತಿಳಿವಳಿಕೆ. ಇನ್ನು ಕೆಲವು ಕಡೆ ದುಡಿಮೆಗೆ ಬೇಕಾದ ತರಬೇತಿ. ಏನು ಕಲಿಸಿದರೂ ಮೂರೂ ಕಡೆ ಬಾಲ್ಯವಿವಾಹ ಕಡಿಮೆಯಾಯಿತು, ಮೊದಲೆರಡರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು. ಮೂರರಲ್ಲೂ ಇದ್ದ ಒಂದು ಸಂಗತಿ ಅಂದರೆ, ಹುಡುಗಿಯರು ತಮ್ಮದೇ ಆದ ಒಂದು ಕೇಂದ್ರದಲ್ಲಿ ಪ್ರತಿ ವಾರ ಸೇರುತ್ತಿದ್ದರು. ನನ್ನ ಓದಿನ ಪ್ರಕಾರ ಪಾಠಕ್ಕಿಂತ ಅಥವಾ ಪಾಠದಷ್ಟೇ ಕೆಲಸ ಮಾಡಿದ್ದು ಆ ಸೇರುವಿಕೆ. ತುಂಗಭದ್ರೆ ಅವರು ತಮ್ಮ ಜೊತೆಯ ಇಬ್ಬರ ಬಗ್ಗೆ ಬರೆದದ್ದು ಇದಕ್ಕೆ ಸರಿಯಾಗಿ ಹೊಂದುತ್ತೆ.

ಭೀಮಾತೀರ

ಸಮತಾ ಬಗ್ಗೆ ನಮ್ಮ ಒಕ್ಕೂಟದ ಹಿರಿಯರಿಗೂ ನೆನಪಿದೆ. ಹೇಳಿದ್ದು ಒಳ್ಳೆಯದಾಯಿತು. ನಾವು ಏನೋ ದೊಡ್ಡದು ಮಾಡಿಬಿಡುತ್ತೇವೆ ಅಂತ ಹೊರಟಿಲ್ಲ.

ಗದ್ದೆಮನೆ ಅಣ್ಣಾ, ನಿಮ್ಮ ಮಾತು ಓದಿ ಬಹಳ ಹೊತ್ತು ಯೋಚಿಸಿದೆ. ಚಪ್ಪರದ ವಿಷಯ ನೀವು ಹೇಳಿದ್ದು ಹೆಚ್ಚಿನ ವರದಿಗಳಲ್ಲಿ ಕಾಣಲ್ಲ, ಆದರೆ ಊರಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೇ ನಾವು ಹುಡುಗಿಯರ ಪಟ್ಟಿ ಮಾಡುವಾಗ ಅಕ್ಕಂದಿರ ಹೆಸರೂ ಬರೆದುಕೊಳ್ಳಬೇಕು ಅಂತ ಈಗ ಅನ್ನಿಸುತ್ತಿದೆ. ಅಕ್ಕನಿಗೆ ಗಂಡು ನೋಡುತ್ತಿದ್ದಾರೆ ಅಂದ ತಕ್ಷಣ ಆ ಮನೆಗೆ ಹೋಗಿ ತಂಗಿಯ ಬಗ್ಗೆ ಮಾತಾಡಬೇಕು. ಲಗ್ನಪತ್ರಿಕೆ ಅಚ್ಚಾದ ಮೇಲೆ ಹೋದರೆ ಪೊಲೀಸರೇ ಬೇಕಾಗುತ್ತೆ.

2006ರ ಮಾರ್ಚ್ ನಂತರ ಬಿಪಿಎಲ್ ಮನೆಯಲ್ಲಿ ಹುಟ್ಟಿದ ಹುಡುಗಿಯರಲ್ಲಿ ಬಹಳಷ್ಟು ಜನರ ಹೆಸರಲ್ಲಿ ಭಾಗ್ಯಲಕ್ಷ್ಮಿ ಬಾಂಡ್ ಇದೆ. 18ಕ್ಕೆ ಮುಂಚೆ ಮದುವೆ ಆದರೆ ಆ ದುಡ್ಡು ಬರೋದಿಲ್ಲ. ಈ ಷರತ್ತು ಎಷ್ಟೋ ಮನೆಗಳಲ್ಲಿ ಮರೆತೇಹೋಗಿದೆ, ಬಾಂಡು ಟ್ರಂಕಿನ ತಳದಲ್ಲಿರುತ್ತೆ. ತೆಗೆಸಿ ಓದಿಸಿದರೆ ಖರ್ಚಿನ ಲೆಕ್ಕ ಸ್ವಲ್ಪ ಬದಲಾಗುತ್ತೆ.

ಮುಂದೆ ಏನು ಅನ್ನೋದಕ್ಕೆ: ಪಿಯುಸಿಯನ್ನೂ ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಖಾಸಗಿಯಾಗಿ ಕಟ್ಟಬಹುದು. ಎನ್‌ಐಒಎಸ್‌ನಲ್ಲೂ ಹನ್ನೆರಡನೇ ತರಗತಿ ಇದೆ. ಅದೇ ಕೇಂದ್ರ, ಅದೇ ಗೆಳತಿಯರು. ಅವಳಿಗೆ 18 ಆಗುವಷ್ಟರಲ್ಲಿ ಪಿಯುಸಿ ಕೈಯಲ್ಲಿರುತ್ತೆ. ಕಾಲೇಜಿಗೇ ಹೋಗುವ ಮನಸ್ಸಿದ್ದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ. ಹತ್ತು ಜನ ಹುಡುಗಿಯರು ಒಂದೇ ಬಸ್ಸಿಗೆ ಹತ್ತಿದರೆ ಆ ದಾರಿಯ ಭಯವೂ ಕಡಿಮೆ ಅಲ್ವಾ? ವರದಕ್ಷಿಣೆಯ ಮಾತಿಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಅದು ನಮ್ಮ ಸಂಘದ ಸಭೆಯಲ್ಲಿ ಗಂಡುಮಕ್ಕಳ ತಾಯಂದಿರ ಜೊತೆ ಮಾತಾಡಬೇಕಾದ ವಿಷಯ. ಅವರೂ ನಮ್ಮ ಸಂಘದವರೇ.

ಸೊಲ್ಲಾಪುರ ಕನ್ನಡಿಗ

ಗಡಿಯ ಈ ಕಡೆಯಿಂದ ಒಂದು ವಿಷಯ. ಕಬ್ಬು ಕಡಿಯುವವರ ಬಗ್ಗೆ ಯಾರೂ ಬರೆದಿಲ್ಲ. ದಸರಾ, ದೀಪಾವಳಿ ಮುಗಿಯುತ್ತಿದ್ದ ಹಾಗೆ ಗ್ಯಾಂಗುಗಳು ಹೊರಡುತ್ತವೆ. ವಾಪಸ್ ಬರೋದು ಯುಗಾದಿ ಹೊತ್ತಿಗೆ. ಮುಕಾದಮರು, ಅಂದರೆ ಗ್ಯಾಂಗು ಕಟ್ಟುವ ಮೇಸ್ತ್ರಿಗಳು, ಮುಂಗಡ ಕೊಡೋದು ಒಬ್ಬ ಆಳಿಗಲ್ಲ, ಗಂಡ ಹೆಂಡತಿ ಜೋಡಿಗೆ. ಆ ಜೋಡಿಗೆ ಇಲ್ಲಿ ಕೊಯ್ತಾ ಅಂತಾರೆ. ಜೋಡಿ ಇಲ್ಲದವನಿಗೆ ಮುಂಗಡ ಕಡಿಮೆ. ಹಾಗಾಗಿ ಹೊರಡುವ ಮುಂಚೆ ಮಗನಿಗೆ ಮದುವೆ ಮಾಡಿಸೋದು ಒಂದು ಲೆಕ್ಕಾಚಾರ. ಹೆಣ್ಣಿನ ಮನೆಯವರದು ಇನ್ನೊಂದು ಲೆಕ್ಕಾಚಾರ. ದೊಡ್ಡ ಮಗಳನ್ನು ಊರಲ್ಲಿ ಅಜ್ಜಿ ಹತ್ತಿರ ಆರು ತಿಂಗಳು ಬಿಟ್ಟು ಹೋಗಲು ಭಯ. ಗದ್ದೆಯ ಪಕ್ಕದ ಗುಡಿಸಲಿಗೆ ಕರೆದುಕೊಂಡು ಹೋಗಲು ಇನ್ನೂ ಭಯ.

ಇಂಥ ಹುಡುಗಿಯರಿಗೆ ರೆಗ್ಯುಲರ್ ಶಾಲೆ ಆಗೋದೇ ಇಲ್ಲ. ವರ್ಷದ ಅರ್ಧ ಹಾಜರಿ ಇರಲ್ಲ. ಮುಕ್ತ ಶಾಲೆ ನಿಜವಾಗಿ ಬೇಕಾದ್ದು ಇವರಿಗೆ. ಆದರೆ ದಿನಾಂಕ ನೋಡಿಕೊಳ್ಳಿ. ಎನ್‌ಐಒಎಸ್ ಪರೀಕ್ಷೆ ವರ್ಷಕ್ಕೆ ಎರಡು ಸಲ. ಒಂದು ಏಪ್ರಿಲ್-ಮೇ, ಇನ್ನೊಂದು ಅಕ್ಟೋಬರ್-ನವೆಂಬರ್. ಎರಡನೆಯದು ಸರಿಯಾಗಿ ಗ್ಯಾಂಗು ಹೊರಡುವ ಹೊತ್ತು. ಇವರನ್ನು ಏಪ್ರಿಲ್-ಮೇ ಪರೀಕ್ಷೆಗೇ ಸೇರಿಸಿ. ನಿಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1 ಮಾರ್ಚ್ ಸುಮಾರಿಗೆ ಬರುತ್ತೆ, ಆಗಿನ್ನೂ ಕೆಲವರು ಕಬ್ಬಿನ ಗದ್ದೆಯಲ್ಲೇ ಇರುತ್ತಾರೆ.

ಬಾಂಗ್ಲಾದೇಶದ ಮಾತು ಬಂತಲ್ಲ, ಅಲ್ಲಿ ಚಲನ್ ಬೀಲ್ ಪ್ರದೇಶದಲ್ಲಿ ನೆರೆ ಬಂದಾಗ ಶಾಲೆಯೇ ದೋಣಿಯಲ್ಲಿ ಮಕ್ಕಳ ಮನೆ ಬಾಗಿಲಿಗೆ ಹೋಗುತ್ತೆ. ಶಿಧುಲಾಯ್ ಅನ್ನೋ ಸಂಸ್ಥೆ ನಡೆಸೋದು. ಅದೇ ಸಂಸ್ಥೆ, ನಮ್ಮ ಪಕ್ಕದ ಸಾತಾರಾ ಜಿಲ್ಲೆಯ ಮಾಣ್ ದೇಶಿ ಫೌಂಡೇಶನ್, ಇನ್ನೂ ಕೆಲವರು ಸೇರಿ ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಅನ್ನೋ ಕಾಮನ್‌ವೆಲ್ತ್ ದೇಶಗಳ ದೂರಶಿಕ್ಷಣ ಸಂಸ್ಥೆಯ ಒಂದು ಯೋಜನೆಯಲ್ಲಿ ಬಾಲ್ಯವಿವಾಹ ತಡೆಯಲು ದೂರಶಿಕ್ಷಣ ಮತ್ತು ಕಸುಬಿನ ತರಬೇತಿ ಎರಡನ್ನೂ ಕೊಟ್ಟರು. ಬರೀ ಪಾಠ ಅಲ್ಲ, ಕೈಗೊಂದು ಕೆಲಸವೂ. ಗದ್ದೆಮನೆಯವರ ಖರ್ಚಿನ ಪ್ರಶ್ನೆಗೆ ಇದರಲ್ಲಿ ಸ್ವಲ್ಪ ಉತ್ತರ ಇದೆ ಅಂದುಕೊಂಡಿದ್ದೇನೆ. ತಿಂಗಳಿಗೆ ನಾಲ್ಕು ಕಾಸು ತರುವ ಮಗಳನ್ನು ಹೊರೆ ಅಂತ ಯಾರೂ ಅನ್ನಲ್ಲ.

ಗದ್ದೆಮನೆ

ಟೈಲರಿಂಗ್ ಬೇಡ ದಯವಿಟ್ಟು. ಪ್ರತಿ ಊರಲ್ಲೂ ಎಲ್ಲರಿಗೂ ಹೊಲಿಗೆ ಕಲಿಸಿದ್ದಾರೆ, ಹೊಲಿಸೋರು ಯಾರು? ಬೇರೇನಾದರೂ ಇದ್ದರೆ ಹೇಳಿ.

ಗೆಳತಿಯರ ಜೊತೆ ಒಂದೇ ಬಸ್ಸಿನಲ್ಲಿ ಅಂದದ್ದು ಸರಿ ಅನ್ನಿಸಿತು. ನನ್ನ ಚಿಕ್ಕ ಮಗಳು ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಫೇಲಾಗಿದ್ದಾಳೆ. ಪಾಠ ಹೇಳಲು ಹೆಂಗಸರೇ ಇದ್ದರೆ ಅವಳ ತಾಯಿಯೂ ಒಪ್ಪುತ್ತಾಳೆ. ಗಣಿತ ಬಿಟ್ಟು ಪಾಸಾಗಲು ದಾರಿ ಇದೆ ಅಂತ ಯಾರೋ ಹೇಳಿದರು. ನಿಜವಾ?

ಹಳೇಮೇಷ್ಟ್ರು

ನಿಜ. ಎನ್‌ಐಒಎಸ್ ಹತ್ತನೇ ತರಗತಿಯಲ್ಲಿ ಗಣಿತ ಕಡ್ಡಾಯವಲ್ಲ. ಐದು ವಿಷಯ ಪಾಸಾಗಬೇಕು, ಅದರಲ್ಲಿ ಭಾಷೆ ಇರಬೇಕು. ಗೃಹವಿಜ್ಞಾನ, ಚಿತ್ರಕಲೆ, ಕಂಪ್ಯೂಟರ್ ಡೇಟಾ ಎಂಟ್ರಿಯಂಥ ವಿಷಯಗಳೂ ಇವೆ. ಐದು ವರ್ಷದ ಒಳಗೆ ಒಂಬತ್ತು ಅವಕಾಶ. ಒಂದೊಂದೇ ವಿಷಯ ಮುಗಿಸಿಕೊಂಡು ಹೋಗಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ ಈಗಾಗಲೇ ಪಾಸಾದ ಎರಡು ವಿಷಯಗಳ ಅಂಕ ಅಲ್ಲಿಗೆ ವರ್ಗಾಯಿಸಿಕೊಳ್ಳಲೂ ಅವಕಾಶವಿದೆ. 14 ತುಂಬಿದ್ದರೆ ಸಾಕು. ಎಂಟನೇ ತರಗತಿಯ ಕಾಗದ ಇಲ್ಲದವರು ಸ್ವಯಂ ಘೋಷಣೆ ಬರೆದುಕೊಟ್ಟು ಸೇರಬಹುದು. ಹೆಣ್ಣುಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಇದೆ.

ಆದರೂ ನಿಮ್ಮ ಮಗಳ ವಿಷಯದಲ್ಲಿ ನಾನು ಹೇಳೋದು ಬೇರೆ. ಒಂದೇ ವಿಷಯ ಉಳಿದಿದ್ದರೆ ನಮ್ಮ ಬೋರ್ಡಿನಲ್ಲೇ ಕಟ್ಟಿಸಿ. ಪಾಠ ಕನ್ನಡದಲ್ಲಿದೆ, ಪುಸ್ತಕ ಮನೆಯಲ್ಲಿದೆ, ಮೇಷ್ಟ್ರು ಗುರುತಿನವರು. ಮುಂದೆ ಪಾಲಿಟೆಕ್ನಿಕ್ಕು ಅದು ಇದು ಅಂತ ಮನಸ್ಸು ಮಾಡಿದರೆ ಗಣಿತ ಬೇಕಾಗುತ್ತೆ. ಎನ್‌ಐಒಎಸ್‌ನಲ್ಲಿ ಕನ್ನಡ ಒಂದು ಭಾಷಾ ವಿಷಯವಾಗಿ ಇದೆ, ಉಳಿದ ವಿಷಯಗಳ ಪುಸ್ತಕ ಯಾವ ಭಾಷೆಯಲ್ಲಿ ಸಿಗುತ್ತೆ ಅಂತ ಅರ್ಜಿ ತುಂಬುವ ಮೊದಲೇ ಬೆಂಗಳೂರಿನ ಪ್ರಾದೇಶಿಕ ಕೇಂದ್ರದಲ್ಲಿ ಕೇಳಿಕೊಳ್ಳಬೇಕು. ಹಳ್ಳಿಯ ಹುಡುಗಿಯ ಕೈಗೆ ಇಂಗ್ಲಿಷ್ ಪುಸ್ತಕ ಕೊಟ್ಟರೆ ಎರಡನೇ ಸಲ ಶಾಲೆ ಬಿಡಿಸಿದ ಹಾಗೇ.

ಹಾಗಾಗಿ ತಂಗಿ, ಎಲ್ಲರಿಗೂ ಒಂದೇ ದಾರಿ ಅಂತ ಇಟ್ಟುಕೊಳ್ಳಬೇಡಿ. ಎಸ್‌ಎಸ್‌ಎಲ್‌ಸಿ ಬರೆದು ಒಂದೆರಡು ವಿಷಯ ಹೋದವರು ರಾಜ್ಯದ ಬೋರ್ಡು. ಒಂಬತ್ತರಲ್ಲಿ ಬಿಟ್ಟು, ವಯಸ್ಸು ಇನ್ನೂ ಹದಿನೈದರ ಒಳಗಿದ್ದರೆ ಮತ್ತೆ ಶಾಲೆಗೇ ಸೇರಿಸಿ, ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ಜಾಗ ಇದೆಯಾ ನೋಡಿ, ಅಲ್ಲಿ ಊಟ ವಸತಿ ಎರಡೂ ಇದೆ. ಐದು, ಆರಕ್ಕೇ ಬಿಟ್ಟು ಈಗ ಹದಿನಾರು ಆದವರು, ಕಬ್ಬಿಗೆ ಹೋಗಿ ಬರುವವರು, ಇವರಿಗೆ ಎನ್‌ಐಒಎಸ್.

ಧಾರವಾಡದಿಂದ

ಮೇಷ್ಟ್ರು ಹೇಳಿದ ವಿಂಗಡಣೆ ಸರಿಯಾಗಿದೆ. ಒಂದು ಸೇರಿಸುತ್ತೇನೆ. ಇದು ಹೊಸ ಯೋಚನೆಯೇನೂ ಅಲ್ಲ. 1989ರಲ್ಲಿ ಮಹಿಳಾ ಸಮಖ್ಯಾ (ಹಳ್ಳಿಯ ಹೆಂಗಸರ ಶಿಕ್ಷಣಕ್ಕೆ ಸರ್ಕಾರದ ಕಾರ್ಯಕ್ರಮ) ಕರ್ನಾಟಕದಲ್ಲಿ ಶುರುವಾದಾಗ ಮೊದಲ ಜಿಲ್ಲೆಗಳಲ್ಲಿ ಬೀದರ, ವಿಜಯಪುರ ಇದ್ದವು. ಶಾಲೆ ಬಿಟ್ಟ ಹುಡುಗಿಯರಿಗೆ ಅವರು ನಡೆಸುತ್ತಿದ್ದ ಮಹಿಳಾ ಶಿಕ್ಷಣ ಕೇಂದ್ರಗಳಲ್ಲಿ ಕಲಿತ ಹೆಂಗಸರು ಈಗಲೂ ನಿಮ್ಮ ತಾಲ್ಲೂಕಿನಲ್ಲೇ ಇರಬಹುದು. ಹುಡುಕಿ ಕರೆತನ್ನಿ. ಗದ್ದೆಮನೆಯವರಿಗೆ ಬೇಕಾದ ಹೆಂಗಸರ ಪಾಠ ಅವರಿಂದಲೇ ಆಗಬಹುದು. ರಾಜಸ್ಥಾನದಲ್ಲಿ ಎಜುಕೇಟ್ ಗರ್ಲ್ಸ್ ಸಂಸ್ಥೆ ತನ್ನ ಪ್ರಗತಿ ಕಾರ್ಯಕ್ರಮದಲ್ಲಿ ಮಾಡುತ್ತಿರೋದೂ ಹೆಚ್ಚುಕಡಿಮೆ ಇದೇ. ರಾಜ್ಯದ ಮುಕ್ತ ಶಾಲೆಯ ಪರೀಕ್ಷೆ, ಊರಲ್ಲೇ ಕ್ಯಾಂಪು, ಪಾಠ ಹೇಳಲು ಅದೇ ಊರಿನ ಓದಿದ ಹುಡುಗಿ. 2025ರಲ್ಲಿ ಆ ಸಂಸ್ಥೆಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಭೀಮಾತೀರ

ಎಲ್ಲರಿಗೂ ಬಹಳ ಧನ್ಯವಾದ. ಇವತ್ತು ಒಕ್ಕೂಟದ ಸಭೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ತೀರ್ಮಾನ ಆಗಿರೋದು ಇಷ್ಟು. ಯುಗಾದಿ ಆದ ಮೇಲೆ, ಕಬ್ಬಿಗೆ ಹೋದವರು ವಾಪಸ್ ಬಂದಾಗ ಪಟ್ಟಿ ಮಾಡೋದು. ಅಕ್ಕಂದಿರ ಹೆಸರು ಸಮೇತ. ಹಾಜರಿ ಪುಸ್ತಕ ಇಡೋದು. ಎರಡು ತರಗತಿ ತಪ್ಪಿಸಿಕೊಂಡರೆ ಸಂಘದ ಇಬ್ಬರು ಸದಸ್ಯರು ಅವತ್ತೇ ಸಂಜೆ ಮನೆಗೆ ಹೋಗೋದು. ಫೀಸಿನ ರಸೀದಿ, ಗುರುತಿನ ಚೀಟಿ ತಾಯಿಯ ಕೈಗೇ ಕೊಡೋದು. ಶಾಲೆಯಲ್ಲಿ ಇನ್ನೂ ಓದುತ್ತಿರುವ ಒಬ್ಬ ಹುಡುಗಿಯನ್ನೂ ಸೇರಿಸಿಕೊಳ್ಳಬಾರದು, ಅವಳ ಮನೆಯವರೇ ಬಂದು ಕೇಳಿದರೂ.

ಕಸುಬಿನ ವಿಷಯ ಇನ್ನೂ ಬಗೆಹರಿದಿಲ್ಲ. ನಮ್ಮ ಕಡೆ ನಿಂಬೆ ಬಹಳ ಬೆಳೆಯುತ್ತಾರೆ. ಅದರ ಉಪ್ಪಿನಕಾಯಿ ಘಟಕದ ಮಾತು ಬಂದಿದೆ, ಇನ್ನೊಬ್ಬರು ಪಂಚಾಯ್ತಿಗಳಲ್ಲಿ ಕಂಪ್ಯೂಟರ್ ಕೆಲಸ ಗೊತ್ತಿರುವ ಹುಡುಗಿಯರು ಬೇಕು ಅಂದರು. ಗದ್ದೆಮನೆ ಅಣ್ಣನ ಮಾತು ನೆನಪಿಟ್ಟುಕೊಂಡು ಹೊಲಿಗೆ ಬಿಟ್ಟಿದ್ದೇವೆ.

ತುಂಗಭದ್ರೆ, ನಿಮಗೆ ಒಂದು ಪ್ರಶ್ನೆ. ಓದು ಬಿಟ್ಟು ಎರಡು ಮೂರು ವರ್ಷ ಆದವರು ಮೊದಲ ವಾರ ಪೆನ್ನು ಹಿಡಿಯಲೇ ನಾಚಿಕೊಳ್ಳುತ್ತಾರೆ. ಎಲ್ಲಿಂದ ಶುರು ಮಾಡೋದು?

ತುಂಗಭದ್ರೆ

ಅಕ್ಕಾ, ಪುಸ್ತಕದಿಂದ ಶುರು ಮಾಡಬೇಡಿ. ಮೊದಲ ವಾರ ಅವರವರ ಮನೆಯ ಲೆಕ್ಕ ಬರೆಸಿ. ಡೈರಿಗೆ ಹಾಕಿದ ಹಾಲು, ಸಂಘದ ಸಾಲದ ಕಂತು, ಸಂತೆಗೆ ಕೊಟ್ಟ ದುಡ್ಡು. ಕೂಡುವುದು, ಕಳೆಯುವುದು, ಬಡ್ಡಿ ಎಲ್ಲ ಅದರಲ್ಲೇ ಬರುತ್ತೆ. ಕನ್ನಡಕ್ಕೆ ಪಂಚಾಯ್ತಿಗೆ ಒಂದು ಅರ್ಜಿ ಬರೆಸಿ. ನಿಜವಾದ ಅರ್ಜಿ, ಓಣಿಯ ಬೀದಿ ದೀಪಕ್ಕೋ ನಲ್ಲಿಗೋ. ಸಹಿ ಹಾಕಿಸಿ, ಅವರ ಕೈಯಲ್ಲೇ ಒಯ್ದು ಕೊಡಿಸಿ.

ಹಳೇ ಪ್ರಶ್ನೆಪತ್ರಿಕೆ ತೋರಿಸೋದು ಎರಡನೇ ತಿಂಗಳಿಗೆ ಸಾಕು. ಎನ್‌ಐಒಎಸ್‌ನವರಿಗೆ ಟಿಎಂಎ ಅಂತ ಮನೆಯಲ್ಲಿ ಬರೆಯೋ ಉತ್ತರಗಳಿರುತ್ತವೆ, ಅಂಕಕ್ಕೆ ಸೇರುತ್ತೆ. ಅದನ್ನು ಕೇಂದ್ರದಲ್ಲೇ ಕೂತು ಬರೆಸಿ, ಬೇರೆಯವರ ಕೈಯಲ್ಲಿ ಬರೆಸೋಕೆ ಬಿಡಬೇಡಿ. ಪಿಯುಸಿ ಪುಸ್ತಕಗಳು ನನ್ನ ಹತ್ತಿರ ಒಂದು ಸೆಟ್ ಇವೆ, ಸಿಲೆಬಸ್ ಬದಲಾಗಿಲ್ಲದ ವಿಷಯಗಳನ್ನು ಬೇರೆ ಮಾಡಿ ಇಂಡಿ ಬಸ್ಸಿಗೆ ಹಾಕಿ ಕಳಿಸುತ್ತೇನೆ.